ಪೆನ್ಸಿಲ್ ಕಿವಿಗೇರುವ ತನಕ

ನಮ್ಮ ಪಕ್ಷದ ನೀತಿ ಸಮ್ಮೇಳನಗಳಲ್ಲಿ ಭಾಷಣ ಮಾಡಿದವರನ್ನೆಲ್ಲ ನಾನು ಮರೆತಿದ್ದೇನೆ. ಹದಿನೆಂಟು ವರ್ಷ ಅವರು ಆಡಿದ್ದನ್ನೆಲ್ಲ ಬರೆದುಕೊಂಡವನೂ ನಾನೇ. ನಡಾವಳಿ ಬರೆಯುವುದು ನನ್ನ ಕೆಲಸ. ಯಾರು ಏನೆಂದರು, ಯಾರು ಅನುಮೋದಿಸಿದರು, ಸಭೆ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಬರೆದು, ಸಹಿ ಹಾಕಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಆ ಬೀಗ ತೆಗೆಸಿ ಯಾರಾದರೂ ಓದಿದ್ದನ್ನು ನಾನಂತೂ ಕಂಡಿಲ್ಲ. ಅಷ್ಟು ಮಾತಿನ ನಡುವೆ ಮೂವತ್ತೊಂದು ವರ್ಷ ತುಟಿ ಬಿಚ್ಚದೆ ಓಡಾಡಿದ ಒಬ್ಬ ಹೆಂಗಸು ಮಾತ್ರ ನನಗೆ ಚೆನ್ನಾಗಿ ನೆನಪಿದ್ದಾರೆ. ಎಲ್ಲರೂ ಅವರನ್ನು ಎಣಿಕೆ ಅಕ್ಕ ಎನ್ನುತ್ತಿದ್ದರು.

ಪಕ್ಷ ದೊಡ್ಡದೇನಲ್ಲ. ಗೆದ್ದರೆ ಯಾರದಾದರೂ ಸರ್ಕಾರದ ಬಾಲ ಹಿಡಿದುಕೊಂಡು ಹೋಗುವಷ್ಟು, ಸೋತರೆ ಊರಲ್ಲಿ ಯಾರೂ ಅಳದಷ್ಟು. ಆದರೂ ವರ್ಷಕ್ಕೊಮ್ಮೆ ಎಲ್ಲ ಶಾಖೆಗಳಿಂದ ಪ್ರತಿನಿಧಿಗಳು ಬಂದು, ಪಕ್ಷ ಯಾವ ವಿಷಯದಲ್ಲಿ ಏನು ಹೇಳಬೇಕು ಎಂದು ಒಂದೊಂದು ಸಾಲಿಗೂ ಗುದ್ದಾಡಿ ಮತ ಹಾಕುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಅಂಗೈಯಗಲದ ಹಳದಿ ಕಾರ್ಡು. ಪರವಾಗಿರುವವರು ಎತ್ತಿ ಎಂದರೆ ಅವರು ಎತ್ತುವುದು, ವಿರುದ್ಧ ಇರುವವರು ಎತ್ತಿ ಎಂದರೆ ಇವರು ಎತ್ತುವುದು. ಎಣಿಸುವುದು ಅಕ್ಕ.

ಅದಕ್ಕೆ ಅವರದೇ ಒಂದು ಕ್ರಮವಿತ್ತು. ಸಭಾಂಗಣದ ನಡುದಾರಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಸಲ, ಹಿಂದಿನಿಂದ ಮುಂದಕ್ಕೆ ಇನ್ನೊಂದು ಸಲ. ಕೈಯಲ್ಲೊಂದು ಮೋಟು ಪೆನ್ಸಿಲ್. ಎರಡು ಎಣಿಕೆ ತಾಳೆಯಾದರೆ ಚೀಟಿ ಬರೆದು ವೇದಿಕೆಗೆ ಕೊಟ್ಟು, ಪೆನ್ಸಿಲನ್ನು ಬಲಗಿವಿಗೆ ಸಿಕ್ಕಿಸಿಕೊಳ್ಳುವರು. ತಾಳೆಯಾಗದಿದ್ದರೆ ಮೂರನೆಯ ಸಲ. ಪೆನ್ಸಿಲ್ ಕಿವಿಗೇರುವ ತನಕ ಅಧ್ಯಕ್ಷತೆ ವಹಿಸಿದವರು ಫಲಿತಾಂಶ ಹೇಳುವಂತಿಲ್ಲ, ಪ್ರತಿನಿಧಿಗಳು ಎತ್ತಿದ ಕೈ ಇಳಿಸುವಂತಿಲ್ಲ. ಇದು ಯಾವ ನಿಯಮಾವಳಿಯಲ್ಲೂ ಇಲ್ಲ, ನಾನೇ ಹುಡುಕಿ ನೋಡಿದ್ದೇನೆ. ಒಮ್ಮೆ ಅವಸರದ ಮಂತ್ರಿಯೊಬ್ಬರು ಪೆನ್ಸಿಲ್ ಇನ್ನೂ ಕೈಯಲ್ಲಿರುವಾಗಲೇ ಬಾಯಿ ತೆರೆದರು. ಇಡೀ ಸಭಾಂಗಣ ಹೋ ಎಂದಿತು. ಮಂತ್ರಿಗಳು ಬಾಯಾರಿದವರಂತೆ ನೀರಿನ ಲೋಟ ಎತ್ತಿಕೊಂಡು ಕಾದರು.

ಸಂಬಳಕ್ಕಿರುವ ನಮ್ಮಂಥವರಿಗೆ ಸಮ್ಮೇಳನದಲ್ಲಿ ಮತವೂ ಇಲ್ಲ, ಮಾತೂ ಇಲ್ಲ. ನನಗೆ ಇದರಿಂದ ಒಳಗೊಳಗೇ ಉರಿಯುತ್ತಿತ್ತು. ಅಕ್ಕನಿಗೆ ಎಳ್ಳಷ್ಟೂ ಬೇಜಾರಿರಲಿಲ್ಲ. ನಿಮ್ಮ ಅಭಿಪ್ರಾಯ ಏನು ಎಂದು ಯಾರಾದರೂ ಕೇಳಿದರೆ, ಎಣಿಸುವವರಿಗೆ ಅಭಿಪ್ರಾಯ ಇದ್ದರೆ ಕೈ ಜಾರುತ್ತದೆ ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಯಜಮಾನರಿಗೆ ಕನ್ನಡಕದ ಅಂಗಡಿ. ಸಮ್ಮೇಳನಕ್ಕೆ ಒಂದು ವಾರ ಮುಂಚೆ ಪ್ರತಿವರ್ಷ ಅಕ್ಕನನ್ನು ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಣ್ಣು ನೋಡುತ್ತಿದ್ದರು. ಹಿಂದಿನ ಸಾಲಿನ ಕಾರ್ಡು ಕಾಣದೆ ಹೋದರೆ ಮಾನ ಹೋಗುವುದು ತನ್ನ ಅಂಗಡಿಯದು ಎಂದು ಕೀಟಲೆ ಬೇರೆ. ಅಕ್ಕ ಗದರಿಸುತ್ತಲೇ ಗಲ್ಲವನ್ನು ಯಂತ್ರಕ್ಕೆ ಒರಗಿಸಿ ಕೂರುತ್ತಿದ್ದರು. ಇಬ್ಬರದೂ ಅಂಥ ಸಂಸಾರ.

ಅಕ್ಕ ನಿವೃತ್ತರಾಗುವ ವರ್ಷವೇ ಎಡವಟ್ಟಾಯಿತು. ಸಮ್ಮೇಳನಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ ಸಭಾಂಗಣದ ಚಾವಣಿ ಬಿರುಕು ಬಿಟ್ಟು, ನಗರಸಭೆಯವರು ಬಂದು ಬಾಗಿಲಿಗೆ ಬೀಗ ಜಡಿದರು. ಬೇರೆ ಜಾಗ ಸಿಗಲಿಲ್ಲ. ಎಲ್ಲವನ್ನೂ ಆನ್‌ಲೈನ್ ಮಾಡೋಣ ಎಂದರು ಪ್ರಧಾನ ಕಾರ್ಯದರ್ಶಿ. ಕೆಟ್ಟ ಮನುಷ್ಯರಲ್ಲ. ಆದರೆ ಕಾಲಡಿ ಬೆಂಕಿ ಬಿದ್ದವರ ಹಾಗೆ ಯಾವಾಗಲೂ ಅವಸರ. ಪರೀಕ್ಷೆಗಳನ್ನು ಆನ್‌ಲೈನ್ ನಡೆಸಿ ಅನುಭವವಿದ್ದ ಹೆಂಗಸೊಬ್ಬರನ್ನು ಕರೆತಂದರು. ತಲೆ ನರೆತ, ತೂಕವಾಗಿ ಮಾತಾಡುವ ಆಕೆಗೆ ನಾವು ಪರದೆ ಮೇಡಂ ಎಂದು ಹೆಸರಿಟ್ಟೆವು. ಪ್ರತಿನಿಧಿಗಳು ಮನೆಯಲ್ಲೇ ಕೂತು, ಪರದೆಯ ಮೇಲಿನ ಗುಂಡಿ ಒತ್ತಿದರೆ ಮತ ಬೀಳುತ್ತದೆ, ಎಣಿಕೆ ಕ್ಷಣದಲ್ಲಿ ತಾನೇ ಬರುತ್ತದೆ ಎಂದರು ಅವರು. ಎಲ್ಲರೂ ಅಕ್ಕನ ಮುಖ ನೋಡಿದರು. ಒಳ್ಳೆಯದಾಯಿತು, ಮಂಡಿ ನೋವಿಗೆ ಬಿಡುವು ಸಿಕ್ಕಿತು ಎಂದರು ಅಕ್ಕ.

ಗುಂಡಿ ಒತ್ತುವ ಕ್ರಮವನ್ನು ತಿಳಿಸುವ ಪತ್ರವನ್ನು ಶಾಖೆಗಳಿಗೆಲ್ಲ ಅಂಚೆಯಲ್ಲಿ ಕಳಿಸಬೇಕಿತ್ತು. ನಾನೂ ಅಕ್ಕನೂ ಎದುರುಬದುರು ಕೂತು ಲಕೋಟೆ ತುಂಬುತ್ತಿದ್ದೆವು. ಮೇಜಿನ ಮೇಲೆ ಆ ವರ್ಷದ ಹಳದಿ ಕಾರ್ಡುಗಳ ಪೆಟ್ಟಿಗೆ. ಬೀಗ ಬೀಳುವ ಮೊದಲೇ ಅಚ್ಚಾಗಿ ಬಂದಿದ್ದವು. ಇವನ್ನೇನು ಮಾಡುವುದು ಎಂದು ಅಕ್ಕ ಕೇಳಿದರು. ನಾನು ತಲೆಯೆತ್ತದೆ ಅಂದೆ:

“ಕಳಿಸಿಬಿಡಿ ಅಕ್ಕ, ಹೇಗೂ ಅಚ್ಚಾಗಿವೆ. ನೆನಪಿಗೆ ಇಟ್ಕೊಳ್ಳಲಿ.”

ಅಕ್ಕನಿಗೂ ಅದು ಸರಿಯೆನಿಸಿತು. ಕಾರ್ಡಿಲ್ಲದ ಪ್ರತಿನಿಧಿ ಎಂದರೆ ಕರೆಯದೆ ಬಂದ ನೆಂಟರ ಹಾಗಾಗುತ್ತದೆ ಎಂದು ಒಂದೊಂದು ಲಕೋಟೆಗೂ ಒಂದೊಂದು ಹಾಕಿದರು. ಕಾರ್ಡಿನ ಬೆನ್ನ ಮೇಲೆ ಪ್ರತಿವರ್ಷದಂತೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ‘ಮತ ಕೇಳಿದಾಗ ಈ ಕಾರ್ಡನ್ನು ಎತ್ತಿ, ಎಣಿಕೆ ಮುಗಿಯುವವರೆಗೆ ಕೈ ಇಳಿಸಬೇಡಿ.’ ಅದನ್ನು ನೋಡಿ ನೋಡಿ ನಾವಿಬ್ಬರೂ ನೋಡುವುದನ್ನೇ ಬಿಟ್ಟಿದ್ದೆವು.

ಅದೇ ವಾರ ಕಾರ್ಯದರ್ಶಿಗಳು ಅಕ್ಕನಿಗೊಂದು ಸನ್ಮಾನ ಪತ್ರ ಬರೆಯಲು ನನಗೆ ಹೇಳಿದರು. ಸಮ್ಮೇಳನ ಮುಗಿಯುವಾಗ ಎಲ್ಲರೆದುರು ಓದುವುದಕ್ಕೆ. ಹೊಗಳಿ ಬರೆಯುವುದು ನನಗೆ ಒಗ್ಗಿದ್ದಲ್ಲ. ಒಂದೇ ಸಾಲು ಮನಸ್ಸಿಟ್ಟು ಬರೆದೆ: ‘ಮೂವತ್ತೊಂದು ವರ್ಷ, ಒಂದೇ ಒಂದು ಎಣಿಕೆಯೂ ತಪ್ಪದೆ.’ ಅಕ್ಕ ನನ್ನ ಮೇಜಿನ ಮೇಲೆ ಅದನ್ನು ನೋಡಿಬಿಟ್ಟರು. ಯಾವ ಹೊಗಳಿಕೆಗೂ ಸೊಪ್ಪು ಹಾಕದ ಅವರು ಆ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಯಜಮಾನರಿಗೆ ತೋರಿಸಿದರಂತೆ. ಯಜಮಾನರು ಅದನ್ನು ಅಂಗಡಿಯ ಗಾಜಿನ ಕೆಳಗೆ ಇಟ್ಟುಕೊಂಡರಂತೆ. ಸಂಬಳ, ಬಡ್ತಿ ಏನೂ ಹೆಚ್ಚಾಗಿ ಸಿಗದ ಕೆಲಸದಿಂದ ಆಕೆ ಮನೆಗೆ ತೆಗೆದುಕೊಂಡು ಹೋಗುತ್ತಿದ್ದುದು ಅದೊಂದೇ ಎಂದು ನನಗೆ ಆಗ ಹೊಳೆಯಿತು.

ಸಮ್ಮೇಳನದ ದಿನ ನಮ್ಮ ಕಚೇರಿಯ ಎರಡನೆಯ ಮಹಡಿಯ ಕೋಣೆಯಲ್ಲಿ ನಾಲ್ಕೇ ಜನ: ಅಧ್ಯಕ್ಷತೆ ವಹಿಸಿದ ಕಾರ್ಯದರ್ಶಿಗಳು, ಪರದೆ ಮೇಡಂ, ಅಕ್ಕ, ನಾನು. ಕೆಳಗೆ ಟಯರ್ ಅಂಗಡಿ. ಅವರ ಗಾಳಿಯಂತ್ರದ ಸದ್ದು ಕೇಳಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಬೆವರುತ್ತ ಕೂತಿದ್ದೆವು. ಅಕ್ಕನ ಮೂಗಿನ ಮೇಲೆ ಹೊಸ ಕನ್ನಡಕ. ಹಿಂದಿನ ದಿನ ಯಜಮಾನರು ಟೇಪು ಹಿಡಿದುಕೊಂಡು ಬಂದು, ಕುರ್ಚಿಯಿಂದ ಕಂಪ್ಯೂಟರಿಗೆ ಎಷ್ಟು ದೂರ ಎಂದು ಅಳೆದು, ಆ ದೂರಕ್ಕೆಂದೇ ಮಾಡಿಕೊಟ್ಟಿದ್ದರು. ಎಣಿಸುವುದಕ್ಕೆ ಏನೂ ಇಲ್ಲದ ದಿನ ಕನ್ನಡಕ ಏಕೆ ಎಂದು ನಾನು ಕೇಳಲಿಲ್ಲ.

ನಾನೂರ ಅರವತ್ತೆಂಟು ಪ್ರತಿನಿಧಿಗಳು ಸೇರಿದ್ದರು. ಪರದೆಯ ಒಂದು ಪುಟಕ್ಕೆ ಇಪ್ಪತ್ತೈದು ಮುಖ. ಕೆಲವರದು ಬರೀ ಹಣೆ, ಒಬ್ಬರದು ಬರೀ ಫ್ಯಾನು. ಹಿರಿಯರೊಬ್ಬರು ಫೋನನ್ನು ಕಿವಿಗೇ ಹಿಡಿದಿದ್ದರಿಂದ ಎರಡು ಗಂಟೆ ನಮಗೆ ಅವರ ಕಿವಿಯ ದರ್ಶನವಾಯಿತು. ಗದ್ದಲ ಆಗಬಾರದೆಂದು ಪರದೆ ಮೇಡಂ ಎಲ್ಲರ ಧ್ವನಿಯನ್ನೂ ಮುಚ್ಚಿಟ್ಟಿದ್ದರು. ಪಕ್ಷದ ಇತಿಹಾಸದಲ್ಲಿ ಅಷ್ಟೊಂದು ಜನ ಒಟ್ಟಿಗೆ ಸುಮ್ಮನಿದ್ದುದು ಅದೇ ಮೊದಲು.

ಬೆಳಿಗ್ಗೆ ನಾಲ್ಕು ನಿರ್ಣಯಗಳು ಮತಕ್ಕೆ ಬಂದವು. ನಾಲ್ಕೂ ಭಾರಿ ಅಂತರದಲ್ಲಿ ಪಾಸಾದವು. ಪ್ರತಿ ಸಲ ಪರದೆ ಮೇಡಂ ಸಂಖ್ಯೆ ಹೇಳುವರು, ಅಕ್ಕ ಚೀಟಿಯಲ್ಲಿ ಬರೆಯುವರು, ಕಾರ್ಯದರ್ಶಿಗಳು ಚೀಟಿಗೂ ಕಾಯದೆ ಸಾರಿಬಿಡುವರು. ಪೆನ್ಸಿಲ್ ಎಲ್ಲಿದೆ ಎಂದು ನೋಡುವವರೇ ಇಲ್ಲ. ಐವತ್ತು ಚಿಲ್ಲರೆ ಜನ ಒಂದು ಸಲವೂ ಗುಂಡಿ ಒತ್ತಿಲ್ಲವಲ್ಲ ಎಂದು ಅಕ್ಕ ಮೆಲ್ಲಗೆ ಕೇಳಿದರು. ಎಲ್ಲೆಡೆ ಹಾಗೇ, ಚಹಾಕ್ಕೆ ಎದ್ದು ಹೋಗಿರುತ್ತಾರೆ ಎಂದರು ಪರದೆ ಮೇಡಂ. ಅಕ್ಕ ಒಪ್ಪಿಕೊಂಡ ಹಾಗೆ ಕಾಣಲಿಲ್ಲ. ಊಟದ ಬಿಡುವಿನಲ್ಲಿ ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ, ಪುಟ ತಿರುಗಿಸಿ ಎಲ್ಲರ ಮುಖ ನೋಡುವುದು ಹೇಗೆಂದು ಅವರಿಂದ ಕಲಿತುಕೊಂಡರು.

ಮಧ್ಯಾಹ್ನದ ಮೊದಲ ವಿಷಯ ಟೈಲರಮ್ಮನ ತಿದ್ದುಪಡಿ. ಆಕೆ ದೂರದ ಶಾಖೆಯೊಂದರ ಪ್ರತಿನಿಧಿ. ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವರು. ನಮ್ಮ ಕಾರ್ಮಿಕ ನೀತಿಯಲ್ಲಿ ‘ಕಾರ್ಖಾನೆ, ಕಚೇರಿ, ಅಂಗಡಿಗಳಲ್ಲಿ ದುಡಿಯುವವರು’ ಎಂದಿದೆ. ‘ಅಂಗಡಿಗಳಲ್ಲಿ’ ಎಂಬುದರ ಮುಂದೆ ‘ಮತ್ತು ಮನೆಗಳಲ್ಲಿ’ ಎಂದು ಎರಡು ಪದ ಸೇರಿಸಿ ಎಂದು ಏಳು ವರ್ಷದಿಂದ ಕೇಳುತ್ತಿದ್ದರು. ಏಳು ವರ್ಷವೂ ಸಮಯವಾಯಿತೆಂದು ಮತಕ್ಕೇ ಹಾಕದೆ ಮುಂದೆ ತಳ್ಳಿದ್ದರು. ‘ಪರಿಶೀಲನೆಗೆ ಒಪ್ಪಿಸಲಾಯಿತು’ ಎಂದು ಏಳು ಸಲ ಬರೆದವನು ನಾನು. ಯಾರು ಪರಿಶೀಲಿಸುತ್ತಾರೆ ಎಂದು ಒಂದು ಸಲವೂ ನಾನು ಕೇಳಿರಲಿಲ್ಲ. ಈ ವರ್ಷ ಆಕೆ ಐದು ಶಾಖೆಗಳ ಸಹಿ ಹಾಕಿಸಿ ತಂದಿದ್ದರಿಂದ ಮತಕ್ಕೆ ಹಾಕದೆ ಬೇರೆ ದಾರಿಯಿರಲಿಲ್ಲ.

ಆಕೆಯ ಹಿಂದೆ ಹೊಲಿಗೆ ಯಂತ್ರ, ಅದರ ಮೇಲೆ ಕಾಲರ್ ಇಲ್ಲದ ಬಿಳಿ ಅಂಗಿಗಳ ರಾಶಿ. ಮೂರು ನಿಮಿಷ ಕೊಟ್ಟಿದ್ದರು, ಆಕೆ ಒಂದನ್ನೂ ಪೂರ್ತಿ ಬಳಸಲಿಲ್ಲ.

“ಇದೇ ಅಂಗಿನ ಕಾರ್ಖಾನೆಲಿ ಹೊಲಿದ್ರೆ ಕೆಲಸ ಅಂತೀರಿ. ನಮ್ಮನೇಲಿ ಹೊಲಿದ್ರೆ ಏನಂತೀರಿ? ಏಳು ವರ್ಷದಿಂದ ಕೇಳ್ತಿದೀನಿ. ಬೇಡ ಅಂತಾದ್ರೂ ಹೇಳಿ.”

ಮತ ಕೇಳಿದರು. ಅತ್ತ ಗುಂಡಿ ಒತ್ತಿದರು. ಪರ ನೂರ ತೊಂಬತ್ತೆಂಟು, ವಿರುದ್ಧ ಇನ್ನೂರ ಹದಿನೇಳು. ತಿದ್ದುಪಡಿ ಬಿದ್ದಿದೆ ಎಂದು ಕಾರ್ಯದರ್ಶಿಗಳು ಸಾರಿ, ಮುಂದಿನ ವಿಷಯದ ಕಾಗದ ಎತ್ತಿಕೊಂಡರು. ನಾನು ಬರೆಯಲು ತಲೆ ಬಗ್ಗಿಸಿದೆ. ಪಕ್ಕದಲ್ಲಿ ಅಕ್ಕ ನನ್ನ ತೋಳು ಹಿಡಿದರು.

ಅವರ ಕಂಪ್ಯೂಟರಿನಲ್ಲಿ ಏಳನೆಯ ಪುಟ ತೆರೆದಿತ್ತು. ಮೂಲೆಯಲ್ಲೊಂದು ಹಳದಿ ಚೌಕ. ಎಂಟನೆಯ ಪುಟದಲ್ಲಿ ಮೂರು. ಹನ್ನೊಂದನೆಯದರಲ್ಲಿ ಐದು. ಫಲಿತಾಂಶ ಸಾರಿ ಆಗಿತ್ತು, ಆದರೂ ಅವರೆಲ್ಲ ಕಾರ್ಡು ಎತ್ತಿಕೊಂಡೇ ಕೂತಿದ್ದರು. ಒಬ್ಬ ಅಜ್ಜಿ ತೋಳು ಸೋತು, ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟಿದ್ದರು. ಬೆಳಗಿನಿಂದ ಹೀಗೇ ಎತ್ತುತ್ತಿದ್ದಾರೆ ಎಂದು ನಮಗೆ ಆಗ ಅರ್ಥವಾಯಿತು.

“ನನಗಾಗಿ ಕಾಯ್ತಿದ್ದಾರೆ,” ಎಂದರು ಅಕ್ಕ. “ಪೆನ್ಸಿಲ್ ಕಿವಿಗೇರಲಿ ಅಂತ ಕಾಯ್ತಿದ್ದಾರೆ.”

ಮೇಜಿನ ಮೇಲೆ ಉಳಿದಿದ್ದ ಒಂದು ಕಾರ್ಡನ್ನು ತಿರುಗಿಸಿ ಅದರ ಬೆನ್ನು ಓದಿದರು. ಅದನ್ನು ನನ್ನ ಕಡೆ ಸರಿಸಿದರು. ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು: ಕಳಿಸಿ ಅಂದವನು ನಾನು. ಅದನ್ನು ಹೇಳಲಿಲ್ಲ. ಹೇಳಿದ್ದು ಬೇರೆ.

“ಸುಮ್ಮನಿರಿ ಅಕ್ಕ. ಯಾರೂ ನೋಡಿಲ್ಲ. ಇನ್ನೆರಡು ಗಂಟೆ ಕಳೆದ್ರೆ ಸನ್ಮಾನ.”

ಅಕ್ಕ ನನ್ನನ್ನು ನೋಡಿದ ರೀತಿ ಇವತ್ತಿಗೂ ನನಗೆ ಚುಚ್ಚುತ್ತದೆ. ಸಿಟ್ಟಿರಲಿಲ್ಲ. ಎಣಿಸುವಾಗ ಒಂದು ಸಾಲು ತಪ್ಪಿಹೋಯಿತೋ ಎಂದು ಅನುಮಾನ ಬಂದರೆ ಹಿಂತಿರುಗಿ ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಎದ್ದು ಹೋಗಿ ಕಾರ್ಯದರ್ಶಿಗಳ ಪಕ್ಕ ನಿಂತರು.

ಕಾರ್ಯದರ್ಶಿಗಳು ಮೈಕಿಗೆ ಕೈ ಅಡ್ಡ ಇಟ್ಟು ವಿಷಯ ಕೇಳಿದರು. ಅವರ ಹಣೆಯ ಬೆವರು ಹೆಚ್ಚಾಯಿತು. ಬೆಳಗಿನ ನಾಲ್ಕು ನಿರ್ಣಯಗಳ ಗತಿಯೇನು ಎಂದರು. ಅವುಗಳ ಎಣಿಕೆಯೂ ತಪ್ಪೇ, ಅಂತರ ದೊಡ್ಡದಿರುವುದರಿಂದ ಫಲಿತಾಂಶ ಬದಲಾಗುವುದಿಲ್ಲ, ಇದೊಂದು ಬದಲಾಗಬಹುದು ಎಂದರು ಅಕ್ಕ. ಸಾರಿದ ಫಲಿತಾಂಶವನ್ನು ಹಿಂದೆ ತೆಗೆದುಕೊಂಡರೆ ನಾಳೆ ಪತ್ರಿಕೆಯವರು ಬಿಡುತ್ತಾರೆಯೇ ಎಂದು ಇವರು ಗೊಣಗಿದರು. ಅಕ್ಕ ಕೈ ಮುಂದೆ ಚಾಚಿ ಮೋಟು ಪೆನ್ಸಿಲ್ ತೋರಿಸಿದರು.

“ನೀವು ಹೇಳಿಬಿಟ್ರಿ. ಇದು ಇನ್ನೂ ಕೈಲೇ ಇದೆ.”

ಕಾರ್ಯದರ್ಶಿಗಳು ಅದನ್ನೇ ನೋಡುತ್ತ ಕೂತರು. ಇಪ್ಪತ್ತರ ವಯಸ್ಸಿನಲ್ಲಿ ಅವರೂ ಹಿಂದಿನ ಸಾಲಿನಲ್ಲಿ ಕಾರ್ಡು ಎತ್ತಿಕೊಂಡು ಅದು ಕಿವಿಗೇರಲಿ ಎಂದು ಕಾದವರೇ. ಆಮೇಲೆ ಮೈಕನ್ನು ಅಕ್ಕನ ಕಡೆ ತಿರುಗಿಸಿದರು.

“ನಮಸ್ಕಾರ. ನಾನು ಎಣಿಸೋಳು,” ಎಂದರು ಅಕ್ಕ. “ಇವತ್ತಿನ ಎಣಿಕೆ ತಪ್ಪಾಗಿದೆ. ತಪ್ಪು ಮಾಡಿದ್ದು ನಾನು, ಒಬ್ಬಳೇ. ಗುಂಡಿ ಒತ್ತಿ ಅಂತ ಪತ್ರ ಬರೆದು, ಅದೇ ಲಕೋಟೆಲಿ ಕಾರ್ಡ್ ಎತ್ತಿ ಅಂತಾನೂ ಕಳಿಸಿದ್ದೀನಿ. ಎತ್ತಿದವರದ್ದು ಏನೂ ತಪ್ಪಿಲ್ಲ. ಕೈ ಇಳಿಸಿ, ನೋವಾಗಿರುತ್ತೆ. ನಾನು ಒಬ್ಬೊಬ್ಬರನ್ನೇ ಕೇಳ್ತೀನಿ.”

ಪುಟಪುಟದಲ್ಲೂ ಹಳದಿ ಚೌಕಗಳು ಕೆಳಗಿಳಿದವು. ಮೂವತ್ತೊಂದು ವರ್ಷ ಅವರನ್ನು ನೋಡಿದ್ದವರಲ್ಲಿ ಎಷ್ಟೋ ಜನ ಅವರ ಧ್ವನಿ ಕೇಳಿದ್ದು ಅವತ್ತೇ.

ಗುಂಡಿ ಒತ್ತದ ಐವತ್ತಮೂರು ಜನರ ಪಟ್ಟಿಯನ್ನು ಪರದೆ ಮೇಡಂ ತೆಗೆದುಕೊಟ್ಟರು. ಅಕ್ಕ ಶಾಖೆಯ ಸಂಖ್ಯೆ, ಪ್ರತಿನಿಧಿಯ ಸಂಖ್ಯೆ ಕೂಗುವರು. ಮೇಡಂ ಆ ಒಬ್ಬರ ಧ್ವನಿಯನ್ನು ಮಾತ್ರ ಬಿಚ್ಚುವರು. ಅತ್ತಲಿಂದ ಪರ ಅಥವಾ ವಿರುದ್ಧ ಎಂಬ ಒಂದೇ ಮಾತು. ಜೊತೆಗೆ ಕುಕ್ಕರಿನ ಸೀಟಿ, ಬೀದಿಯ ಹಾರ್ನು, ಎಲ್ಲೋ ಅಳುವ ಮಗು. ಆ ಅಜ್ಜಿ ತಮ್ಮ ಸರದಿ ಬಂದಾಗ ಪರ ಎಂದು ಹೇಳಿ, ಎಣಿಕೆ ಅಕ್ಕ ನೀನು ಚೆನ್ನಾಗಿದ್ದೀಯಾ ಎಂದೂ ಕೇಳಿದರು. ನಾನು ಗೀಟು ಹಾಕುತ್ತ ಹೋದೆ. ನಲವತ್ತಮೂರನೆಯವರು ಮುಗಿದಾಗ ಎರಡೂ ಕಡೆ ಇನ್ನೂರ ಇಪ್ಪತ್ತೊಂಬತ್ತು. ಪರದೆಯಲ್ಲಿ ಟೈಲರಮ್ಮ ಕೈಯಲ್ಲಿದ್ದ ಕಾಲರಿನ ತುಂಡನ್ನು ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ ಮಾಡುತ್ತಿದ್ದರು.

ಮೂವರು ನಿಜವಾಗಿಯೂ ಎದ್ದು ಹೋಗಿದ್ದರು. ಉಳಿದ ಐವತ್ತು ಜನ ಉತ್ತರ ಕೊಟ್ಟರು. ಪಟ್ಟಿ ಮುಗಿದ ಮೇಲೆ ಅಕ್ಕ ಅದನ್ನು ತಿರುಗಿಸಿ, ಕೊನೆಯವರಿಂದ ಮೊದಲಿನವರೆಗೆ ಇನ್ನೊಮ್ಮೆ ಕೇಳಿದರು. ಯಾರೂ ಗೊಣಗಲಿಲ್ಲ. ತಾಳೆಯಾಯಿತು. ಚೀಟಿ ಬರೆದು ಕೊಟ್ಟರು. ಕಾರ್ಯದರ್ಶಿಗಳು ಚೀಟಿಯನ್ನು ಹಿಡಿದುಕೊಂಡು, ಅಕ್ಕನ ಕಡೆ ನೋಡುತ್ತ ಕಾದರು. ಪೆನ್ಸಿಲ್ ಕಿವಿಗೇರಿತು.

ಪರ ಇನ್ನೂರ ಮೂವತ್ತೊಂದು. ವಿರುದ್ಧ ಇನ್ನೂರ ಮೂವತ್ತನಾಲ್ಕು. ತಿದ್ದುಪಡಿ ಎರಡನೆಯ ಸಲವೂ ಬಿತ್ತು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿ, ಮಾನ ಕಳೆದುಕೊಂಡು, ಬಂದ ಫಲಿತಾಂಶ ಮೊದಲಿನದೇ ಆದರೆ ಸುಮ್ಮನಿದ್ದ ನಾನೇ ಬುದ್ಧಿವಂತನಲ್ಲವೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅಕ್ಕ ತಮ್ಮ ಜಾಗಕ್ಕೆ ಬಂದು ಕೂತು, ನನ್ನ ಕಡತದಿಂದ ಸನ್ಮಾನ ಪತ್ರವನ್ನು ಎಳೆದುಕೊಂಡರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ‘ಒಂದೇ ಒಂದು ಎಣಿಕೆಯೂ ತಪ್ಪದೆ’ ಎಂಬುದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಹಿಂದಕ್ಕೆ ಕೊಟ್ಟರು. ಕಣ್ಣು ತುಂಬಿತ್ತು. ಸಂಜೆ ಕಾರ್ಯದರ್ಶಿಗಳು ಓದಿದ್ದು ‘ಮೂವತ್ತೊಂದು ವರ್ಷ’ ಎಂದಷ್ಟೇ.

ಎಲ್ಲ ಮುಗಿದು ನಾವು ತಂತಿಗಳನ್ನು ಸುತ್ತಿಡುತ್ತಿದ್ದಾಗ ಅಕ್ಕನಿಗೆ ಟೈಲರಮ್ಮನ ಫೋನ್ ಬಂತು. ಬೈಯುತ್ತಾರೆ ಎಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡರೇನೋ, ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದರು. ಎರಡು ಪದಕ್ಕೆ ಇಷ್ಟು ವರ್ಷ, ನನ್ನಿಂದಾಗಿ ಎರಡು ಸಲ ಸೋತಿರಿ, ಕ್ಷಮಿಸಿ ಎಂದರು ಅಕ್ಕ.

“ಎರಡು ಸಲ ಅಲ್ಲ ಅಕ್ಕ, ಇವತ್ತೇ ಮೊದಲು,” ಎಂದಿತು ಆ ಧ್ವನಿ. “ಇಷ್ಟು ವರ್ಷ ಸೋಲೋಕೂ ಬಿಟ್ಟಿರಲಿಲ್ಲ. ಮೂರೇ ಮತ ಅಲ್ವಾ? ಇಬ್ಬರು ಈ ಕಡೆ ಬಂದ್ರೆ ಸಾಕು. ಇಬ್ಬರ ಮನೆಗೆ ನಾನೇ ಹೋಗಿ ಕೂತ್ಕೋತೀನಿ. ಆ ಎಣಿಕೆ ಇರೋ ಕಾಗದ ನನಗೆ ಕಳಿಸ್ತೀರಾ? ಯಂತ್ರದ ಮೇಲೆ ಅಂಟಿಸ್ಕೋಬೇಕು.”

ಕಳಿಸಲಿಕ್ಕೆ ಆ ಕಾಗದ ಬರೆಯಬೇಕಾದವನು ನಾನು. ಅಲ್ಲೇ ಕೂತು ಬರೆದೆ. ಏಳು ವರ್ಷ ‘ಪರಿಶೀಲನೆಗೆ’ ಎಂದಿದ್ದ ಜಾಗದಲ್ಲಿ ಎರಡು ಸಂಖ್ಯೆಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ. ಎಣಿಕೆ ಮೊದಲು ಏಕೆ ತಪ್ಪಾಯಿತು ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಅಕ್ಕ ಮೈಕಿನಲ್ಲಿ ಹೇಳಿದ್ದನ್ನು ಹಾಗೆಯೇ ಇಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ನಡಾವಳಿ ಎಂದರೆ ಅದೇ, ಆಡಿದ್ದನ್ನು ಆಡಿದಂತೆ ಬರೆಯುವುದು. ಕಪಾಟಿನ ಬೀಗ ಯಾರೂ ತೆಗೆಯುವುದಿಲ್ಲ ಎಂಬ ಧೈರ್ಯವೂ ಈ ಸಲ ಇರಲಿಲ್ಲ. ಇದು ಒಂದು ಹೊಲಿಗೆ ಯಂತ್ರದ ಮೇಲೆ ಅಂಟಿಕೊಳ್ಳುವ ಕಾಗದ. ಬರೆದೆ, ಸಹಿಗಾಗಿ ಅಕ್ಕನ ಮುಂದೆ ಇಟ್ಟೆ.

ಯಜಮಾನರು ಮಾಡಿಕೊಟ್ಟ ಕನ್ನಡಕದಲ್ಲಿ ಕಾಗದ ಸರಿಯಾಗಿ ಕಾಣದೆ, ಅಕ್ಕ ಅದನ್ನು ಕಂಪ್ಯೂಟರಿನಷ್ಟು ದೂರ ಹಿಡಿದು ಓದಿದರು. ಒಂದು ಸಾಲಿಗೆ ಬಂದು ಓದು ನಿಲ್ಲಿಸಿದರು. ಮತ್ತೆ ಮೊದಲಿನಿಂದ ಓದಿದರು.

“ಇಲ್ಲಿ ತಪ್ಪು ಮಾಡಿದವರು ಇಬ್ಬರು ಅಂತ ಬರೆದಿದ್ದೀರಿ. ನಾನು ಒಬ್ಬಳೇ ಅಂದಿದ್ದೆ.”

“ಹೌದು ಅಕ್ಕ,” ಎಂದೆ. “ಅದೊಂದು ಎಣಿಕೆ ನೀವು ತಪ್ಪಿದ್ರಿ.”

ಅಕ್ಕ ಸಹಿ ಹಾಕಿದರು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು, ಡಬ್ಬಿಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.